ಗೋಡೆಯ ಫೋಟೊದ ಹಿಂದೆ ಹೆಸರು ಬರೆದಿಡಿ



ನಿಮ್ಮ ಮನೆಯ ಚಾವಡಿಯ ಗೋಡೆಯನ್ನೊಮ್ಮೆ ನೋಡಿ. ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ಕಪ್ಪು ಬಿಳುಪಿನ ಒಂದು ಹಳೆಯ ಫೋಟೊ ಇರಬಹುದು. ನಡುವೆ ಕುರ್ಚಿಯಲ್ಲಿ ಅಜ್ಜ, ಪಕ್ಕದಲ್ಲಿ ಅಜ್ಜಿ, ಹಿಂದೆ ಸಾಲಾಗಿ ಮಕ್ಕಳು. ಎಡತುದಿಯಲ್ಲಿ ನಿಂತ ಆ ಹುಡುಗಿ ಯಾರು ಎಂದು ನಿಮ್ಮ ಮಗು ಕೇಳಿದರೆ ಏನು ಹೇಳುವಿರಿ? "ಗೊತ್ತಿಲ್ಲ ಮಗಾ, ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರು" ಎನ್ನುವ ಮನೆಗಳೇ ಹೆಚ್ಚು.

ಈ ವಾರ ನಾವು ಕಲಿಯಬೇಕಾದ ಪಾಠ ಇದೇ. ಫೋಟೊ ತಾನಾಗಿ ಮಾತಾಡುವುದಿಲ್ಲ. ತಿಳಿದವರು ಅದರ ಪರವಾಗಿ ಮಾತಾಡಬೇಕು. ಅವರು ಇರುವಾಗಲೇ ನಾವು ಕೇಳಿ ಬರೆದುಕೊಳ್ಳಬೇಕು.

ಫೋಟೊದಲ್ಲಿ ನಮ್ಮ ಚರಿತ್ರೆ

ಬೆಳ್ತಂಗಡಿ ತಾಲೂಕಿನ ನೆರಿಯ, ಚಾರ್ಮಾಡಿ ಬೆಟ್ಟಗಳ ತಪ್ಪಲಿನ ಊರು. ಈ ಕಡೆಯ ಕ್ರೈಸ್ತರ ಮನೆಗಳಲ್ಲಿ ಎರಡು ಬಗೆಯ ಹಳೆಯ ಫೋಟೊಗಳು ಸಿಗುತ್ತವೆ. ಕೊಂಕಣಿ ಮಾತಾಡುವ ಕುಟುಂಬಗಳದ್ದು ಒಂದು ಬಗೆ. ಕೇರಳದಿಂದ ಬಂದ ಸಿರಿಯನ್ ಕುಟುಂಬಗಳದ್ದು ಇನ್ನೊಂದು.

ತಿರುವಾಂಕೂರಿನ ಕಡೆ ಬೇಸಾಯದ ಭೂಮಿ ಸಾಲದೆ, ಅನೇಕ ರೈತ ಕುಟುಂಬಗಳು 1920ರ ದಶಕದಿಂದ ಮಲಬಾರಿಗೆ ವಲಸೆ ಬಂದವು. ಎರಡನೇ ಮಹಾಯುದ್ಧದ ಕಾಲದ ಆಹಾರದ ಅಭಾವ ಈ ವಲಸೆಯನ್ನು ಹೆಚ್ಚಿಸಿತು. ಮುಂದೆ ಕೆಲವರು ದಕ್ಷಿಣ ಕನ್ನಡದ ಬೆಟ್ಟದ ಬುಡಕ್ಕೂ ಬಂದರು. ಮರಗೆಣಸು ನೆಟ್ಟರು, ಮಲೇರಿಯಾ ಜ್ವರ ಉಂಡರು, ಆಮೇಲೆ ರಬ್ಬರು, ಕಾಳುಮೆಣಸು ಬೆಳೆಸಿದರು. ಇವರ ಆತ್ಮಿಕ ಸೇವೆಯನ್ನು ಮೊದಲು 1953ರಲ್ಲಿ ಸ್ಥಾಪನೆಯಾದ ತಲಶೇರಿ ಧರ್ಮಪ್ರಾಂತ್ಯ ನೋಡಿಕೊಂಡಿತು. 1999ರಲ್ಲಿ ಬೆಳ್ತಂಗಡಿಯೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಇಸವಿಗಳು ದಫ್ತರಿನಲ್ಲಿ ಸಿಗುತ್ತವೆ. ಆದರೆ ಸೋಗೆ ಗುಡಿಸಲಿನ ಮುಂದೆ ಗುದ್ದಲಿ ಹಿಡಿದು ನಿಂತವನ ಮುಖ ಸಿಗುವುದು ಮನೆಯ ಫೋಟೊದಲ್ಲಿ ಮಾತ್ರ.

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಇಲ್ಲಿ ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ನಡೆಸಿತು. ಅವರು ತೆಗೆಸಿದ ನಮ್ಮ ನಾಡಿನ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಭಂಡಾರದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಆ ಕಾಲದ ಇಂಥ ಚಿತ್ರಗಳಲ್ಲಿ ಊರಿನ ಹೆಸರು, ಕಾರ್ಖಾನೆಯ ಹೆಸರು ಇರುತ್ತದೆ. ಸಾಲಾಗಿ ನಿಂತ ಕೆಲಸಗಾರರ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಬಡವನ ಮುಖ ಉಳಿಯಿತು, ಹೆಸರು ಉಳಿಯಲಿಲ್ಲ. ನಮ್ಮ ಮನೆಯಲ್ಲೂ ಹಾಗಾಗಬೇಕೇ?

ಉಡುಪು ಏನು ಹೇಳುತ್ತದೆ?

ಫೋಟೊದಲ್ಲಿರುವ ಅಜ್ಜಿಯ ಉಡುಪನ್ನು ಗಮನಿಸಿ. ಬಿಳಿ ಚಟ್ಟ, ಹಿಂಬದಿಯಲ್ಲಿ ಬೀಸಣಿಗೆಯಂತೆ ನೆರಿಗೆ ಹಿಡಿದ ಮುಂಡು, ಕಿವಿಯ ಮೇಲ್ತುದಿಯಲ್ಲಿ ದೊಡ್ಡ ಚಿನ್ನದ ಬಳೆ ಇದ್ದರೆ ಆಕೆ ಸಿರಿಯನ್ ಕುಟುಂಬದ ಅಮ್ಮಚ್ಚಿ.

ಕೊಂಕಣಿ ಕುಟುಂಬದ ಮದುವೆಯ ಫೋಟೊದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮದುಮಗಳ ಸಾಡೊ ಕೆಂಪು ಬಣ್ಣದ್ದು. ಹಳೆಯ ಕಾಲದ ಫಿಲ್ಮಿಗೆ ಕೆಂಪು ಬಣ್ಣ ಸರಿಯಾಗಿ ಹಿಡಿಯುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಮೂಡುತ್ತಿತ್ತು. "ಅಜ್ಜಿ ಮದುವೆಗೆ ಕಪ್ಪು ಸೀರೆ ಉಟ್ಟಿದ್ದರಾ?" ಎಂದು ಮೊಮ್ಮಗಳು ಕೇಳಿದರೆ ತಪ್ಪು ಅವಳದ್ದಲ್ಲ. ಕೆಂಪು ಸಾಡೊ ಎಂದು ತಿಳಿದವರು ಹೇಳಿದ ಮೇಲೆಯೇ ಆ ಫೋಟೊಗೆ ಬಣ್ಣ ಬರುತ್ತದೆ.

ಹಳೆಯ ಫೋಟೊಗಳಲ್ಲಿ ಯಾರೂ ನಗುವುದಿಲ್ಲವಲ್ಲ, ಏಕೆ? ಮೊದಮೊದಲ ಕ್ಯಾಮೆರಾಗಳ ಮುಂದೆ ಹಲವು ಸೆಕೆಂಡು ಅಲುಗಾಡದೆ ಇರಬೇಕಿತ್ತು. ಮುಂದೆ ಕ್ಯಾಮೆರಾ ಸುಧಾರಿಸಿದರೂ ಗಂಭೀರವಾಗಿ ಕೂರುವ ರೂಢಿ ಉಳಿಯಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದರೆ ಹಳೆಯ ಕ್ಯಾಮೆರಾಗಳನ್ನು ಮಕ್ಕಳಿಗೆ ತೋರಿಸಿ.

ಕಾಡಿನ ಫೋಟೊ

ಹಿಂದೆ ಕಾಡಿನ ಫೋಟೊ ಎಂದರೆ ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ಬೇಟೆಗಾರನ ಫೋಟೊ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ಶಿವರಾಮ ಕಾರಂತರ ಮಗ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ಕಾಡಿನ ದಾರಿಗಳಲ್ಲಿ, ಪ್ರಾಣಿ ಬಂದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾಗಳನ್ನಿಟ್ಟು ಹುಲಿಗಳನ್ನು ಲೆಕ್ಕ ಹಾಕಿದರು. ನಮ್ಮ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆದ್ದರಿಂದ ಪ್ರತಿಯೊಂದು ಹುಲಿಗೂ ಒಂದು ಗುರುತು, ಒಂದು ದಾಖಲೆ. ಕಾಡಿನ ಹುಲಿಗೆ ಇಷ್ಟು ಗೌರವ ಸಲ್ಲುವಾಗ ನಮ್ಮ ಅಜ್ಜಿಯ ತಂಗಿಗೆ ಒಂದು ಹೆಸರೂ ಬೇಡವೇ?

ನಮ್ಮ ಘಟ್ಟದ ಕಾಡಿನಲ್ಲಿ ಸಿಂಗಳೀಕವಿದೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರವಿರುವ ಈ ಮಂಗ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ಮಂಗಟ್ಟೆ ಹಕ್ಕಿ, ಕಾಡುಕೋಣ, ಆನೆಗಳೂ ಇವೆ. ಆನೆ ತೋಟಕ್ಕೆ ನುಗ್ಗಿದ ಮನೆಯವರಿಗೆ ಇದು ಬರಿಯ ಸಂತೋಷದ ಮಾತಲ್ಲ. ಮುರಿದ ಅಡಿಕೆ ಮರಗಳ, ತುಳಿದ ಬಾಳೆಯ ಫೋಟೊ ತೆಗೆದು ತಾರೀಕು ಬರೆದಿಡಿ. ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವಾಗ ಅದು ಸಾಕ್ಷಿ. ಮುಂದಿನವರಿಗೆ ಅದೂ ಚರಿತ್ರೆ. ಆದರೆ ಮೊಬೈಲ್ ಹಿಡಿದು ಆನೆಯ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಒಂದು ಫೋಟೊಗಾಗಿ ಪ್ರಾಣ ಕೊಡುವುದು ಸಲ್ಲದು.

ಉಳಿಸುವುದು ಹೇಗೆ?

ನಮ್ಮ ಮಳೆಗಾಲವೇ ಫೋಟೊಗಳ ಮೊದಲ ಶತ್ರು. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಚಿತ್ರ ಗಾಜಿಗೆ ಅಂಟುತ್ತದೆ. ಅಂಟಿದ್ದನ್ನು ಎಳೆಯಬೇಡಿ. ಗಾಜಿನ ಮೇಲಿನಿಂದಲೇ ಅದರ ಇನ್ನೊಂದು ಫೋಟೊ ತೆಗೆದಿಡಿ. ತೇವವಿರುವ ಹೊರಗೋಡೆಗೆ ತೂಗುಹಾಕಬೇಡಿ. ಬಿಸಿಲು ನೇರವಾಗಿ ಬೀಳುವಲ್ಲಿಯೂ ಬೇಡ.

2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು, ಬೆಳ್ತಂಗಡಿ ತಾಲೂಕಿನ ಹೊಳೆಗಳು ಉಕ್ಕಿ ಮನೆಗಳಿಗೆ ಕೆಸರು ನುಗ್ಗಿದ್ದನ್ನು ನಾವು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮೊದಲು ಜೀವ, ಆಮೇಲೆ ಉಳಿದದ್ದು. ನೆನೆದ ಫೋಟೊಗಳು ಸಿಕ್ಕರೆ ಒಂದರ ಮೇಲೊಂದು ಒಣಗಲು ಬಿಡಬೇಡಿ, ಅಂಟಿಕೊಳ್ಳುತ್ತವೆ. ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ಬಿಡಿಸಿ, ಚಿತ್ರವನ್ನು ಕೈಯಿಂದ ಉಜ್ಜದೆ, ಮೇಲ್ಮುಖವಾಗಿ ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ.

ಮೊಬೈಲಿನಲ್ಲಿ ಸಾವಿರ ಫೋಟೊ ಇದೆ ಎಂದು ನೆಮ್ಮದಿಯಾಗಿರಬೇಡಿ. ಮೊಬೈಲ್ ಹಾಳಾದ ದಿನ ಸಾವಿರವೂ ಹೋಗಬಹುದು. ವರುಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಮುದ್ರಿಸಿ.

ಹೆಸರಿನ ಬೆಲೆ

ಸಂತ ಮತ್ತಾಯನ ಶುಭಸಂದೇಶ ಪ್ರಾರಂಭವಾಗುವುದು ಹೆಸರುಗಳ ಪಟ್ಟಿಯಿಂದ. ಓದುವಾಗ ನಮಗೆ ಬೇಸರ ಬರುತ್ತದೆ. ಆದರೆ ತಾಮಾರಳನ್ನು, ರೂತಳನ್ನು ಯಾರೋ ನೆನಪಿಟ್ಟು ಬರೆದಿದ್ದರಿಂದಲೇ ಅವರು ನಮಗೆ ಗೊತ್ತು. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ನಾವೂ ಹೆಸರು ಹೇಳಿಯೇ ಪ್ರಾರ್ಥಿಸುತ್ತೇವೆ.

ಈ ವಾರ ಮನೆಯಲ್ಲಿ ಮಾಡಿರಿ

1. ಭಾನುವಾರ ಪೂಜೆಯ ನಂತರ ಒಂದು ಹಳೆಯ ಫೋಟೊವನ್ನು ಗೋಡೆಯಿಂದ ಇಳಿಸಿ, ಮನೆಯ ಹಿರಿಯರ ಕೈಗೆ ಕೊಡಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ.

2. ಯಾರು, ಯಾವ ಊರು, ಯಾವ ಸಂದರ್ಭ, ಸುಮಾರು ಯಾವ ಇಸವಿ ಎಂದು ಮಕ್ಕಳು ಕೇಳಲಿ.

3. ಫೋಟೊದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನ ಗೀಟು ಮುಂಭಾಗಕ್ಕೂ ಮೂಡುತ್ತದೆ, ಬೇಡ.

4. ಆ ರಾತ್ರಿಯ ಜಪಸರದಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಹೇಳಿ.

ಎಡತುದಿಯ ಆ ಹುಡುಗಿ ಯಾರೆಂದು ಹೇಳಬಲ್ಲವರು ನಿಮ್ಮ ಕುಟುಂಬದಲ್ಲಿ ಒಬ್ಬರೇ ಉಳಿದಿರಬಹುದು. ಅವರನ್ನು ಇಂದೇ ಹೋಗಿ ಕೇಳಿ.