ಕ್ರೈಸ್ಟು, ಜೋಸೆಫ್ಸು, ಅಲೋಶಿಯಸ್ಸು: ಫೀಸು ಹೊಂದಿಸುವ ಸೂತ್ರಗಳು

ಮಂಗಳೂರಿನ ಅಲೋಶಿಯಸ್ 1880ರದು, ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದು, ಕ್ರೈಸ್ಟ್ 1969ರದು. ಕ್ರೈಸ್ತ ಸಂಸ್ಥೆಗಳ ಕಾಲೇಜುಗಳಾಗಿ ಶುರುವಾದ ಮೂರೂ ಈಗ ವಿಶ್ವವಿದ್ಯಾಲಯಗಳು. ಇವುಗಳಲ್ಲಿ ಸೀಟು ಸಿಕ್ಕಿತೆಂದು ಮನೆಯಲ್ಲಿ ಸಿಹಿ ಹಂಚುವಷ್ಟರಲ್ಲಿ ಫೀಸಿನ ಚೀಟಿ ಕೈಗೆ ಬರುತ್ತದೆ. ಪೂರ್ತಿ ಫೀಸನ್ನು ಒಂದೇ ವಿದ್ಯಾರ್ಥಿವೇತನ ಭರಿಸುತ್ತದೆಂದು ಕಾದು ಕೂರಬೇಡಿ. ಸರ್ಕಾರದ್ದೊಂದು, ಟ್ರಸ್ಟಿನದ್ದೊಂದು, ಸಂಸ್ಥೆಯ ರಿಯಾಯಿತಿ ಒಂದಿಷ್ಟು, ಹೀಗೆ ಕೂಡಿಸಿಕೊಂಡೇ ಹೆಚ್ಚಿನವರು ಓದು ಮುಗಿಸುವುದು.

1. ಒಂದು ವರ್ಷದ್ದಲ್ಲ, ಇಡೀ ಕೋರ್ಸಿನ ಖರ್ಚು ಬರೆದಿಡಿ. ಪರೀಕ್ಷಾ ಶುಲ್ಕ, ಬಸ್ ಪಾಸು, ಲ್ಯಾಪ್‌ಟಾಪು ಎಲ್ಲವೂ ಸೇರಲಿ. ಬೆಂಗಳೂರಿನ ಪಿಜಿ ಬಾಡಿಗೆ ಮರೆತರೆ ಲೆಕ್ಕವೇ ತಲೆಕೆಳಗು.

2. ಪಿಯುಸಿ ಫಲಿತಾಂಶಕ್ಕೆ ಮೊದಲೇ ನಾಡಕಚೇರಿಗೆ ಹೋಗಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲದಿದ್ದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮುಂದೆ ಸಾಗುವುದಿಲ್ಲ. ಹೆಸರಿನ ಸ್ಪೆಲಿಂಗನ್ನೂ ಆಗಲೇ ನೋಡಿಕೊಳ್ಳಿ. ಕರಾವಳಿಯ ಡಿಸೋಜ, ಡಿಕುನ್ಹಾ ಮನೆತನದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು: ಇಂಗ್ಲಿಷಿನಲ್ಲಿ ‘ಡಿ’ ಪಕ್ಕದ ಪುಟ್ಟ ಕೊಕ್ಕೆ ಅಂಕಪಟ್ಟಿಯಲ್ಲಿರುತ್ತದೆ, ಆಧಾರ್‌ನಲ್ಲಿರುವುದಿಲ್ಲ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯದೇ ರೂಪ. ಅಷ್ಟಕ್ಕೇ ಅರ್ಜಿ ತಿರಸ್ಕೃತವಾಗಬಹುದು. ಎರಡು ಖಾತೆಗಳಿದ್ದರೆ ಆಧಾರ್ ಸೀಡಿಂಗ್ ಯಾವುದಕ್ಕಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಹಣ ಬೀಳುವುದು ಅದಕ್ಕೇ.

3. ಕ್ರೈಸ್ತ ಸಂಸ್ಥೆ ಎಂದಮಾತ್ರಕ್ಕೆ ಸರ್ಕಾರದ ನೆರವು ಕ್ರೈಸ್ತರಿಗಷ್ಟೇ ಎಂದುಕೊಳ್ಳಬೇಡಿ. ಅದನ್ನು ತೀರ್ಮಾನಿಸುವುದು ಕಾಲೇಜಿನ ಧರ್ಮವಲ್ಲ, ವಿದ್ಯಾರ್ಥಿಯ ವರ್ಗ ಮತ್ತು ಮನೆಯ ಆದಾಯ. ಕ್ರೈಸ್ತ ಹುಡುಗನಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ, ಪಕ್ಕದಲ್ಲೇ ಕೂತ ಗೆಳತಿಗೆ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆ. ಇಬ್ಬರಿಗೂ ಪೋರ್ಟಲ್ ಒಂದೇ. ಪರಿಶಿಷ್ಟ ವರ್ಗಗಳ ಮೆಟ್ರಿಕ್ ನಂತರದ ಯೋಜನೆಗಳು ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಅನ್ವಯಿಸುವುದಿಲ್ಲ. ನಿಮ್ಮ ಸೀಟು ಯಾವ ಲೆಕ್ಕದ್ದು ಎಂದು ದಾಖಲಾತಿಗೆ ಮುಂಚೆಯೇ ಕೇಳಿ.

4. ಸರ್ಕಾರದ ಯೋಜನೆಗಳಲ್ಲಿ ಅಳೆದು ಒಂದನ್ನು ಆರಿಸಿ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 20ರ ಸಾಲಿನಲ್ಲಿದ್ದು, ಮನೆಯ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು: ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಇದನ್ನು ಪಡೆದರೆ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ರಾಜ್ಯದ ಇಲಾಖೆಗಳಿಂದ ಫೀಸು ಮರುಪಾವತಿ ಸಿಗುವವರು 12,000ದ ಆಸೆಗೆ ಅದನ್ನು ಬಿಟ್ಟುಕೊಟ್ಟರೆ ನಷ್ಟ.

5. ದೊಡ್ಡ ಮೊತ್ತ ಖಾಸಗಿ ಪ್ರತಿಷ್ಠಾನಗಳಲ್ಲಿದೆ. ರಿಲಯನ್ಸ್ ಫೌಂಡೇಶನ್ ಪದವಿಯ ಮೊದಲ ವರ್ಷದವರನ್ನು ಆಯ್ದು ಕೋರ್ಸು ಮುಗಿಯುವವರೆಗೆ ಒಟ್ಟು 2 ಲಕ್ಷದವರೆಗೆ ಕೊಡುತ್ತದೆ. ಸರ್ಕಾರಿ ಶಾಲೆ-ಕಾಲೇಜುಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು ವರ್ಷಕ್ಕೆ 30,000. ಹೊರಗಿನಿಂದ ಸುಲಭವೆನಿಸಿದರೂ ರಿಲಯನ್ಸ್‌ನದಕ್ಕೆ ಆನ್‌ಲೈನ್ ಪರೀಕ್ಷೆಯಿದೆ. ಸೈಬರ್ ಸೆಂಟರಿನ ಗದ್ದಲದಲ್ಲಿ ಕೂತು ಬರೆಯಬೇಡಿ.

6. ಸಂಸ್ಥೆಯ ರಿಯಾಯಿತಿಯನ್ನು ಬಾಯಿಬಿಟ್ಟು ಕೇಳಿ. ಬಡವರ ಪರ ಎಂದು ತಾವೇ ಹೇಳಿಕೊಳ್ಳುವ ಸಂಸ್ಥೆಗಳಿವು, ಸಂಕೋಚವೇಕೆ? ಆದರೆ ಕಷ್ಟ ತೋಡಿಕೊಂಡು ಬಂದರೆ ಸಾಲದು. ಒಂದು ಪುಟದ ಅರ್ಜಿಯಲ್ಲಿ ಮನೆಯ ಆದಾಯ, ಈಗಾಗಲೇ ಹೊಂದಿಸಿರುವ ಹಣ, ಕೊರತೆ ಬಿದ್ದಿರುವ ಮೊತ್ತ, ಮೂರನ್ನೂ ಅಂಕಿಯಲ್ಲೇ ಬರೆಯಿರಿ. ಕ್ಯಾಥೊಲಿಕ್ ಮನೆಯವರಾದರೆ ಚರ್ಚಿನ ಫಾದರ್ ಬಳಿ ಪತ್ರ ಪಡೆಯಿರಿ. ಸೇಂಟ್ ವಿನ್ಸೆಂಟ್ ಡಿ ಪೌಲ್ ಸೊಸೈಟಿಯ ಘಟಕ ನಿಮ್ಮ ಚರ್ಚಿನಲ್ಲಿದ್ದರೆ ಅಲ್ಲೂ ವಿಚಾರಿಸಿ. ಕ್ರೀಡೆಯಲ್ಲಿ ರಾಜ್ಯ ಮಟ್ಟಕ್ಕೆ ಹೋಗಿದ್ದರೆ ಆ ಪ್ರಮಾಣಪತ್ರವನ್ನು ಮೇಲೆಯೇ ಇಡಿ.

7. ವಿದ್ಯಾರ್ಥಿವೇತನ ತಡವಾಗಿ ಬರುತ್ತದೆ, ಫೀಸಿನ ಗಡುವು ತಡವಾಗುವುದಿಲ್ಲ. ಬಹಳ ಮನೆಗಳು ಎಡವುವುದು ಇಲ್ಲೇ. ಮಂಜೂರಾದ ಹಣ ಖಾತೆಗೆ ಬೀಳುವಷ್ಟರಲ್ಲಿ ಸೆಮಿಸ್ಟರೇ ಮುಗಿದಿರಬಹುದು. ಅರ್ಜಿ ಸ್ವೀಕೃತಿ ಚೀಟಿಯನ್ನು ಹಿಡಿದುಕೊಂಡು ಕಾಲೇಜಿಗೆ ಹೋಗಿ, ಕಂತು ಮಾಡಿಕೊಡಿ ಎಂದು ಲಿಖಿತವಾಗಿ ಕೇಳಿ. ಆಗಲೂ ಸಾಲದಿದ್ದರೆ 2024ರಲ್ಲಿ ಶುರುವಾದ ಪಿಎಂ ವಿದ್ಯಾಲಕ್ಷ್ಮಿ ನೋಡಿ: ಯೋಜನೆಯ ಪಟ್ಟಿಯಲ್ಲಿರುವ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದ ಬ್ಯಾಂಕ್ ಸಾಲ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3ರಷ್ಟು ಸಹಾಯಧನವೂ ಉಂಟು. ಕೈಸಾಲದ ಮೀಟರ್ ಬಡ್ಡಿಗಿಂತ ಎಷ್ಟೋ ವಾಸಿ.

8. ಎರಡನೇ ವರ್ಷದ ನವೀಕರಣ ತಾನಾಗಿ ಆಗುವುದಿಲ್ಲ. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಮೊದಲ ಸೆಮಿಸ್ಟರಿನಲ್ಲಿ ಕ್ಲಾಸ್ ಬಂಕ್ ಮಾಡಿದರೆ ಅದರ ಬಿಲ್ಲು ಎರಡನೇ ವರ್ಷ ಅಪ್ಪನ ಕೈಗೆ ಬರುತ್ತದೆ.