ಕೆಂಪು ಒಂದೇ, ಅರ್ಥ ಮೂರು: ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕದ ಪರದೆ ಕಲಿಸಿದ ಪಾಠಗಳು

ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಸೂಕ್ಷ್ಮದರ್ಶಕ ಬಹುಕಾಲ ಒಂದೇ ಬಗೆಯ ನೋಟವನ್ನು ಕೊಡುವ ಉಪಕರಣವಾಗಿತ್ತು. 1921ರಲ್ಲಿ ಸ್ವೀಡನ್ನಿನ ಕಾರ್ಲ್ ನೈಲೆನ್ ಕಿವಿಯ ಶಸ್ತ್ರಚಿಕಿತ್ಸೆಗೆ ಒಂಟಿಗಣ್ಣಿನ ಸೂಕ್ಷ್ಮದರ್ಶಕವನ್ನು ಬಳಸಿದಾಗಲೂ, 1953ರಲ್ಲಿ ಜರ್ಮನಿಯ ಝೈಸ್ ಸಂಸ್ಥೆ ಎರಡೂ ಕಣ್ಣುಗಳಿಂದ ನೋಡಬಹುದಾದ ಮಾದರಿಯನ್ನು ಹೊರತಂದಾಗಲೂ, ಬಿಳಿ ಬೆಳಕಿನಲ್ಲಿ ಕಾಣುವುದನ್ನು ಹಿಗ್ಗಿಸಿ ತೋರಿಸುವುದೇ ಅದರ ಕೆಲಸವಾಗಿತ್ತು. ಈಗ ಅದೇ ಉಪಕರಣದೊಳಗೆ ಮೂರು ನಾಲ್ಕು ಬಗೆಯ ನೋಟಗಳು ಸೇರಿಕೊಂಡಿದ್ದು, ಅವುಗಳಲ್ಲಿ ಕೆಲವು ಬರಿಗಣ್ಣಿಗೆ ಎಂದೂ ಕಾಣದ ಬೆಳಕಿನಿಂದ ಹುಟ್ಟಿದವು. ಇವೆಲ್ಲವನ್ನೂ ಗೊಂದಲವಿಲ್ಲದೆ ತೋರಿಸುವ ಪರದೆಯನ್ನು ರೂಪಿಸಲು ಹೊರಟ, ಪ್ರಸ್ತುತ ಲೇಖಕನೂ ಸೇರಿದ್ದ ತಂಡವು ಗೆದ್ದದ್ದಕ್ಕಿಂತ ಎಡವಿದ್ದೇ ಹೆಚ್ಚು. ಆ ಎಡವುಗಳು ಕೊಟ್ಟ ತಿಳಿವಳಿಕೆಯೇ ಈ ಲೇಖನದ ವಸ್ತು.

ಮಿದುಳಿನ ಶಸ್ತ್ರಚಿಕಿತ್ಸೆಯ ಎರಡು ಮುಖ್ಯ ವಿಶೇಷ ನೋಟಗಳು ಪ್ರತಿದೀಪ್ತಿಯನ್ನು, ಅಂದರೆ ಒಂದು ತರಂಗಾಂತರದ ಬೆಳಕನ್ನು ಹೀರಿ ಅದಕ್ಕಿಂತ ದೀರ್ಘವಾದ ತರಂಗಾಂತರದ ಬೆಳಕನ್ನು ಹೊರಸೂಸುವ ಗುಣವನ್ನು, ಆಧರಿಸಿವೆ. ಮೊದಲನೆಯದರಲ್ಲಿ 5-ಎಎಲ್‌ಎ ಎಂಬ ಆಮ್ಲವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 20 ಮಿಲಿಗ್ರಾಂನಂತೆ, ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು, ರೋಗಿಗೆ ಕುಡಿಸಲಾಗುತ್ತದೆ. ಅದು ಗ್ಲಯೋಮಾ ಎಂಬ ಮಿದುಳಿನ ಗಡ್ಡೆಯ ಉಗ್ರ ಬಗೆಗಳಲ್ಲಿ ಪ್ರೋಟೊಪಾರ್ಫಿರಿನ್ ಆಗಿ ಶೇಖರಗೊಂಡು, ಸುಮಾರು 400 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದೊಡನೆ 635 ನ್ಯಾನೋಮೀಟರಿನ ಆಸುಪಾಸಿನ ಕೆಂಪು ಬೆಳಕನ್ನು ಸೂಸುತ್ತದೆ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕ್ಯಾನ್‌ನಲ್ಲಿ ಹೊಳೆಯುವ ಗಡ್ಡೆಯ ಭಾಗವನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದದ್ದು ಬಿಳಿ ಬೆಳಕಿನ ಗುಂಪಿನಲ್ಲಿ ಶೇ. 36 ರೋಗಿಗಳಲ್ಲಾದರೆ, ಈ ವಿಧಾನದ ಗುಂಪಿನಲ್ಲಿ ಶೇ. 65 ರೋಗಿಗಳಲ್ಲಿ. ಎರಡನೆಯದು ಐಸಿಜಿ, ಅಂದರೆ ಇಂಡೋಸಯನೀನ್ ಗ್ರೀನ್ ಎಂಬ ಬಣ್ಣದ್ರವ್ಯದ್ದು. ರಕ್ತನಾಳಕ್ಕೆ ಚುಚ್ಚಿದ ಈ ದ್ರವ್ಯ ಸುಮಾರು 800 ನ್ಯಾನೋಮೀಟರಿನ ಅವಗೆಂಪು ಬೆಳಕಿನಲ್ಲಿ ಪ್ರಚೋದನೆಗೊಂಡು ಅದಕ್ಕಿಂತ ತುಸು ದೀರ್ಘವಾದ ಅವಗೆಂಪನ್ನೇ ಸೂಸುವುದರಿಂದ, ಅದನ್ನು ಕ್ಯಾಮೆರಾ ಮಾತ್ರ ಕಾಣಬಲ್ಲದು, ವೈದ್ಯ ಕಾಣುವುದು ಕ್ಯಾಮೆರಾ ಕೊಟ್ಟ ಚಿತ್ರವನ್ನು. ಕಣ್ಣಿನ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕಗಳಲ್ಲಿ ಅಕ್ಷಿಪಟದ ಪದರಗಳನ್ನು ಕತ್ತರಿಸಿಟ್ಟಂತೆ ಅಡ್ಡಸೀಳಿನಲ್ಲಿ ತೋರಿಸುವ ಓಸಿಟಿ ನೋಟವೂ ಸೇರಿದೆ.

ತಂಡ ಎಡವಿದ ಮೊದಲ ಕಲ್ಲು ಬಣ್ಣ. ಐಸಿಜಿ ಚಿತ್ರ ಮೂಲತಃ ಕಪ್ಪುಬಿಳುಪಿನದಾದ್ದರಿಂದ ಅದಕ್ಕೆ ಬಣ್ಣ ಕೊಡುವುದು ವಿನ್ಯಾಸಕರ ಇಚ್ಛೆಗೆ ಬಿಟ್ಟದ್ದು. ರಕ್ತ ಯಾವ ನಾಳಕ್ಕೆ ಮೊದಲು, ಯಾವುದಕ್ಕೆ ತಡವಾಗಿ ತಲುಪಿತೆಂಬುದನ್ನು ಸೂಚಿಸುವ ನಕಾಶೆಗಳಲ್ಲಿ ಮೊದಲು ತಲುಪಿದ್ದಕ್ಕೆ ಕೆಂಪನ್ನೂ ಕೊನೆಗೆ ತಲುಪಿದ್ದಕ್ಕೆ ನೀಲಿಯನ್ನೂ ಹಚ್ಚುವ ರೂಢಿಯಿದೆ. ತಂಡವೂ ಅದನ್ನೇ ಅನುಸರಿಸಿತು. ಆದರೆ ಮೂರೂ ನೋಟಗಳನ್ನು ಸಾಲಾಗಿಟ್ಟು ನೋಡಿದಾಗ, ಬಿಳಿ ಬೆಳಕಿನಲ್ಲಿ ಕೆಂಪೆಂದರೆ ರಕ್ತ, ನೀಲಿ ಬೆಳಕಿನಲ್ಲಿ ಕೆಂಪೆಂದರೆ ಗಡ್ಡೆ, ನಕಾಶೆಯಲ್ಲಿ ಕೆಂಪೆಂದರೆ ಬೇಗ ಬಂದ ಹರಿವು ಎಂಬುದು ಬಯಲಾಯಿತು: ಒಂದರಲ್ಲಿ ತಡೆಯಬೇಕಾದದ್ದು, ಇನ್ನೊಂದರಲ್ಲಿ ತೆಗೆಯಬೇಕಾದದ್ದು, ಮತ್ತೊಂದರಲ್ಲಿ ಮುಟ್ಟದೆ ಉಳಿಸಬೇಕಾದದ್ದು. ನೋಟದ ಹೆಸರನ್ನು ಪರದೆಯ ಮೂಲೆಯಲ್ಲಿ ಬರೆದರೆ ಸಾಕೆಂಬ ಎಣಿಕೆ ನಿಲ್ಲಲಿಲ್ಲ, ಏಕೆಂದರೆ ಶಸ್ತ್ರದ ತುದಿಯ ಮೇಲೆ ನೆಟ್ಟ ಕಣ್ಣು ಮೂಲೆಯ ಅಕ್ಷರವನ್ನು ಓದುವುದಿಲ್ಲ. ಕೊನೆಗೆ ಉಪಕರಣವೇ ಹಚ್ಚುವ ಬಣ್ಣಗಳಿಂದ ಕೆಂಪನ್ನು ಪೂರ್ತಿಯಾಗಿ ಹೊರಗಿಟ್ಟು, ಚಿತ್ರದ ಸುತ್ತಲಿನ ಚೌಕಟ್ಟಿಗೆ ಆಯಾ ನೋಟದ ಗುರುತನ್ನು ಕೊಡಲಾಯಿತು. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳು ವೈದ್ಯರಲ್ಲಿಯೂ ಇರುವುದರಿಂದ, ಆ ಗುರುತು ಬಣ್ಣದ ಜೊತೆಗೆ ಗೆರೆಯ ಆಕಾರದಲ್ಲಿಯೂ ಬೇರೆಯಾಗಿರುವಂತೆ ನೋಡಿಕೊಳ್ಳಲಾಯಿತು.

ಎರಡನೆಯ ಪಾಠ ಒಂದು ಚಿತ್ರದ ಮೇಲೆ ಇನ್ನೊಂದನ್ನು ಹೊದಿಸುವುದಕ್ಕೆ ಸಂಬಂಧಿಸಿದ್ದು. ಅವಗೆಂಪು ಚಿತ್ರವನ್ನು ಅರೆಪಾರದರ್ಶಕವಾಗಿಸಿ ಬಿಳಿ ಬೆಳಕಿನ ಚಿತ್ರದ ಮೇಲೆ ಕೂರಿಸಿದರೆ ತಲೆಯೆತ್ತಿ ಬೇರೆ ಪರದೆಯನ್ನು ನೋಡುವ ಕಷ್ಟ ತಪ್ಪುತ್ತದೆಯೆಂಬುದು ನಿಜವೇ. ಆದರೆ ಎರಡು ತರಂಗಾಂತರಗಳು ಮಸೂರದಲ್ಲಿ ಒಂದೇ ಬಿಂದುವಿನಲ್ಲಿ ಕೂಡದಿರುವುದರಿಂದ, ಸರಿಪಡಿಸದಿದ್ದರೆ ಹೊದಿಕೆ ನಾಳದ ಅಂಚಿನಿಂದ ಕೂದಲೆಳೆಯಷ್ಟು ಸರಿದು ಕೂರುತ್ತದೆ, ಹಿಗ್ಗಿಸಿದ ನೋಟದಲ್ಲಿ ಆ ಕೂದಲೆಳೆಯೇ ಹಗ್ಗವಾಗುತ್ತದೆ. ಹೊದಿಕೆಯನ್ನು ಒಂದೇ ಕಣ್ಣಿನ ನೇತ್ರಕದೊಳಗೆ ಹಾಯಿಸಿದರಂತೂ ಎರಡು ಕಣ್ಣುಗಳು ಬೇರೆ ಬೇರೆ ಚಿತ್ರ ಕಂಡು, ಮಿದುಳು ಒಮ್ಮೆ ಇದನ್ನೂ ಒಮ್ಮೆ ಅದನ್ನೂ ಆರಿಸಿಕೊಳ್ಳುವ ಪೈಪೋಟಿ ಹುಟ್ಟುತ್ತದೆ. ಹುಡುಕುವಾಗ ಹೊದಿಕೆ, ನಿರ್ಧರಿಸುವಾಗ ಪಕ್ಕಪಕ್ಕದ ಚಿತ್ರ, ಕತ್ತರಿಸುವಾಗ ಹೊದಿಕೆಯಿಲ್ಲದ ಬರಿಯ ನೋಟ ಎಂಬ ಕ್ರಮಕ್ಕೆ ತಂಡ ಬಂದು ನಿಂತದ್ದು ಈ ಕಾರಣದಿಂದ.

ಎಲ್ಲಕ್ಕಿಂತ ಕಠಿಣವಾದ ಪಾಠ ಕಾಲದ್ದು. ಐಸಿಜಿಯ ಅರ್ಧಾಯು, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ, 3ರಿಂದ 4 ನಿಮಿಷವಾದ್ದರಿಂದ, ನಾಳದಲ್ಲಿ ಅದು ಮೊದಲು ಮಿಂಚುವ ಕ್ಷಣವನ್ನು ಮುದ್ರಿಸಿಕೊಂಡು ಮತ್ತೆ ಮತ್ತೆ ನೋಡುವ ಸೌಲಭ್ಯ ಅನಿವಾರ್ಯ. ತಂಡದ ಮೊದಲ ಮಾದರಿ ಆ ಮುದ್ರಿಕೆಯನ್ನು ತಾನಾಗಿಯೇ ಮರಳಿ ಮರಳಿ ಓಡಿಸುತ್ತಿತ್ತು, ಮತ್ತು ಅದು ನೇರ ನೋಟದಷ್ಟೇ ಸಜೀವವಾಗಿ ಕಾಣುತ್ತಿತ್ತು. ಅನ್ಯೂರಿಸಂ, ಅಂದರೆ ನಾಳದ ಗೋಡೆ ಉಬ್ಬಿ ಆದ ಬುಗ್ಗೆಯನ್ನು ಕ್ಲಿಪ್ ಹಾಕಿ ಮುಚ್ಚಿದ ಮೇಲೆ ಪಕ್ಕದ ನಾಳದಲ್ಲಿ ಹರಿವು ಉಳಿದಿದೆಯೇ ಎಂದು ಪರೀಕ್ಷಿಸುವ ಅಣಕು ಅಭ್ಯಾಸವೊಂದರಲ್ಲಿ, ಅನುಭವಿ ವೈದ್ಯರೊಬ್ಬರು ಕ್ಲಿಪ್‌ಗೆ ಮೊದಲಿನ ಮುದ್ರಿಕೆಯನ್ನು ನೋಡಿ ಹರಿವು ಚೆನ್ನಾಗಿದೆಯೆಂದು ತೀರ್ಮಾನಿಸಿದರು. ತಪ್ಪು ಅವರದಲ್ಲ, ಹಳತನ್ನು ಹೊಸತರ ವೇಷದಲ್ಲಿ ನಿಲ್ಲಿಸಿದ ಪರದೆಯದು. ಅಂದಿನಿಂದ ಮುದ್ರಿಕೆ ಎಂದೂ ಪರದೆಯನ್ನು ತುಂಬದಂತೆ, ಮುದ್ರಿಸಿದ ಮೇಲೆ ಎಷ್ಟು ನಿಮಿಷ ಕಳೆಯಿತೆಂಬ ಎಣಿಕೆ ಅದರ ಮೇಲೆಯೇ ಓಡುವಂತೆ ನಿಯಮ ಮಾಡಲಾಯಿತು.

ಕತ್ತಲನ್ನು ಓದುವುದು ಬೆಳಕನ್ನು ಓದುವುದಕ್ಕಿಂತ ಕಷ್ಟವೆಂಬುದು ನಾಲ್ಕನೆಯ ಪಾಠ. ನೀಲಿ ನೋಟದಲ್ಲಿ ಕೆಂಪು ಕಾಣದ ಜಾಗದಲ್ಲಿ ಗಡ್ಡೆ ಇಲ್ಲದಿರಬಹುದು, ಅಥವಾ ರಕ್ತದ ತೆಳುಪದರ ಅದನ್ನು ಮುಚ್ಚಿರಬಹುದು, ಅಥವಾ ಬಹಳ ಹೊತ್ತು ಬೆಳಕಿಗೆ ಒಡ್ಡಿದ್ದರಿಂದ ದ್ರವ್ಯವೇ ಮಂಕಾಗಿರಬಹುದು; ಪರದೆಗೆ ಈ ಮೂರೂ ಒಂದೇ ಕಪ್ಪು. ಇದಕ್ಕೆ ವಿರುದ್ಧವಾದ ಮೋಸವೂ ಉಂಟು: ಮಂದ ಚಿತ್ರವನ್ನು ಕ್ಯಾಮೆರಾ ತಾನಾಗಿಯೇ ಪ್ರಖರಗೊಳಿಸಿದಾಗ, ಮೊದಲ ಚುಚ್ಚುಮದ್ದಿನಿಂದ ಉಳಿದ ಐಸಿಜಿಯ ಮಸುಕು ಹೊಳಪು ಹೊಸ ಹರಿವಿನಂತೆ ತೋರುತ್ತದೆ. ಹಾಗಾಗಿ ಹೋಲಿಸಬೇಕಾದ ಎರಡು ಚಿತ್ರಗಳಿಗೆ ಒಂದೇ ಪ್ರಖರತೆಯನ್ನು ಬಿಗಿಹಿಡಿಯಲಾಯಿತು, ಚಿತ್ರ ತುಸು ಮಂಕಾದರೂ ಸರಿಯೆಂದು.

ಈ ಎಲ್ಲ ತಿದ್ದುಪಡಿಗಳ ಕೊನೆಗೆ ಪರದೆಯ ಮೇಲೆ ಉಳಿದದ್ದು ಮೊದಲ ಮಾದರಿಯಲ್ಲಿದ್ದುದರ ಅರ್ಧಕ್ಕಿಂತ ಕಡಿಮೆ. ತಂಡದ ಚರ್ಚೆಯ ಬಹುಪಾಲನ್ನು ನುಂಗಿದ್ದು ಯಾವ ವಿಶೇಷ ನೋಟವೂ ಅಲ್ಲ, ಅವುಗಳಿಂದ ಹಿಂದಿರುಗುವ ದಾರಿ. ನೀಲಿ ಬೆಳಕಿನಲ್ಲಿ ಸುತ್ತಲಿನ ಮಿದುಳು ಕತ್ತಲಾಗಿ, ಜಿನುಗುವ ರಕ್ತ ಕಪ್ಪಿನಲ್ಲಿ ಕಪ್ಪಾಗಿ ಕರಗುತ್ತದೆ. ಆ ಗಳಿಗೆಯಲ್ಲಿ ಎರಡು ಕೈಗಳೂ ಕೆಲಸದಲ್ಲಿರುವ ವೈದ್ಯರಿಗೆ ಮೆನು ಹುಡುಕುವ ವ್ಯವಧಾನವಿರುವುದಿಲ್ಲ. ಆದ್ದರಿಂದ ಯಾವ ನೋಟದಲ್ಲಿದ್ದರೂ, ಏನೇ ಮುದ್ರಿಕೆ ಓಡುತ್ತಿದ್ದರೂ, ಕಾಲಡಿಯ ಒಂದೇ ಪೆಡಲನ್ನು ಒಮ್ಮೆ ಒತ್ತಿದರೆ ಬಿಳಿ ಬೆಳಕಿನ ನೇರ ನೋಟ ಮರಳಿ ಬರುವಂತೆ ಮಾಡಿ, ಆ ಪೆಡಲಿಗೆ ಬೇರೆ ಯಾವ ಕೆಲಸವನ್ನೂ ಕೊಡಲಿಲ್ಲ.