ಎದುರಾಳಿ ಒಬ್ಬನೇ ಆದರೆ ಸಾಲದು

ಬ್ರಿಟಿಷರ ಕಾಲದಲ್ಲಿ ಹಿಂದೂ ಮುಸ್ಲಿಮರು ಒಂದಾಗಿದ್ದರಂತಲ್ಲ, ಈಗ ಯಾಕಿಲ್ಲ ಎಂದು ನಮ್ಮ ಬೆಂಗಳೂರಿನ ಹನುಮಂತನಗರದ ಹುಡುಗರು ಕೇಳುತ್ತಾರೆ. ಮಕ್ಕಳೇ, ಆ ಒಗ್ಗಟ್ಟು ಹೇಗೆ ಬಂತು ಅನ್ನುವುದರ ಜೊತೆಗೆ ಹೇಗೆ ಬಿರುಕು ಬಿಟ್ಟಿತು ಅನ್ನುವುದನ್ನೂ ನೀವು ತಿಳಿದಿರಬೇಕು.

1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಜೊತೆಯಾಗಿ ಮಂಗಳೂರಿಗೂ ಬೆಂಗಳೂರಿಗೂ ಬಂದಿದ್ದರು. ಮೊದಲ ಮಹಾಯುದ್ಧದಲ್ಲಿ ಸೋತ ತುರ್ಕಿಯ ಖಲೀಫರ, ಅಂದರೆ ಮುಸ್ಲಿಮರ ಧಾರ್ಮಿಕ ಮುಖ್ಯಸ್ಥರ, ವಿಷಯದಲ್ಲಿ ಬ್ರಿಟಿಷರು ಕೊಟ್ಟ ಮಾತಿಗೆ ತಪ್ಪಿದರೆಂದು ಮುಸ್ಲಿಮರು ಕುದಿಯುತ್ತಿದ್ದರು. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಗಾಯ ಎಲ್ಲರಲ್ಲೂ ಹಸಿಯಾಗಿತ್ತು. ಈ ಎರಡು ನೋವನ್ನೂ ಗಾಂಧೀಜಿ ಒಂದೇ ಅಸಹಕಾರ ಚಳವಳಿಗೆ ತಂದರು. ಪಕ್ಕದವನ ನೋವನ್ನು ತನ್ನದೆಂದು ಹೊತ್ತುಕೊಳ್ಳಲು ಎದೆ ಬೇಕು.

ಆದರೆ 1922ರಲ್ಲಿ ಚಳವಳಿ ನಿಂತಿತು. 1924ರ ಮಾರ್ಚ್‌ನಲ್ಲಿ ತುರ್ಕಿಯೇ ಖಲೀಫನ ಪೀಠವನ್ನು ತೆಗೆದುಹಾಕಿತು. ಕೂಡಿಸಿದ್ದ ಕಾರಣವೇ ಇಲ್ಲವಾಯಿತು. ಉತ್ತರದ ಊರುಗಳಲ್ಲಿ ಹಿಂದೂ ಮುಸ್ಲಿಂ ಗಲಭೆಗಳೆದ್ದವು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಕೊಹಾಟ್ ಪಟ್ಟಣ ಹೊತ್ತಿ ಉರಿದಾಗ ಗಾಂಧೀಜಿ ದೆಹಲಿಯಲ್ಲಿ 21 ದಿನ ಉಪವಾಸ ಹಿಡಿದರು. ಎಲ್ಲಿ ಶುರು ಮಾಡಿದರು ಗೊತ್ತೇ? ಶೌಕತ್ ಅಲಿಯವರ ತಮ್ಮ ಮಹಮ್ಮದ್ ಅಲಿಯವರ ಮನೆಯಲ್ಲಿ. ಬೇರೆ ಯಾವ ಮನೆಯಾದರೂ ಸಿಗುತ್ತಿತ್ತು, ಆದರೆ ಆ ಮನೆಯಲ್ಲಿ ಕೂತದ್ದೇ ಒಂದು ಮಾತಾಯಿತು. ಉಪವಾಸ ಬಿಡುವ ಹೊತ್ತಿಗೆ ಕುರಾನ್ ಪಠಣವಾಯಿತು, ಕ್ರೈಸ್ತ ಕೀರ್ತನೆಯಾಯಿತು, ವೈಷ್ಣವ ಭಜನೆಯಾಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಡೆಸಿದ ಆ ಅಧಿವೇಶನ ಒಂದಕ್ಕೇ ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾದದ್ದು. ಅಲ್ಲಿ ಅವರು ಒತ್ತಿ ಹೇಳಿದ್ದು ಚರಕ, ಹಿಂದೂ ಮುಸ್ಲಿಂ ಐಕ್ಯ, ಅಸ್ಪೃಶ್ಯತೆಯ ನಿವಾರಣೆ. ಮೂರೂ ದಿನನಿತ್ಯ ನಾವೇ ಮಾಡಬೇಕಾದ ಕೆಲಸಗಳು. ಬ್ರಿಟಿಷರ ಮೇಲಿನ ಸಿಟ್ಟೊಂದೇ ಜನರನ್ನು ಕೂಡಿಸಿಡದು ಎಂದು ಅವರಿಗೆ ಅಷ್ಟರಲ್ಲಿ ಮನವರಿಕೆಯಾಗಿತ್ತು ಎಂದೇ ನಾನು ತಿಳಿದಿದ್ದೇನೆ.

ನಮ್ಮೂರೇನೂ ಈ ಬಿರುಕಿಗೆ ಹೊರತಲ್ಲ. 1927ರಲ್ಲಿ ಗಾಂಧೀಜಿ ನಂದಿ ಬೆಟ್ಟದಲ್ಲಿ, ಆಮೇಲೆ ಇಲ್ಲೇ ಕುಮಾರ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಇದ್ದರು. ಮರುವರ್ಷವೇ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿಯ ವಿಷಯಕ್ಕೆ ಬೆಂಗಳೂರಿನಲ್ಲಿ ಗಲಭೆಯಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿ ಅದರ ವಿಚಾರಣೆ ನಡೆಸಬೇಕಾಯಿತು. ಮಹಾತ್ಮರು ಬಂದು ಹೋದರೆ ಸಾಲದು, ಬೀದಿಯ ಕೆಲಸ ಬೀದಿಯವರೇ ಮಾಡಬೇಕು.

ಹಾಗಾಗಿ ನಿಮಗೆ ನನ್ನ ಮಾತು ಇಷ್ಟೇ. ಗಲಭೆಯ ದಿನ ಹುಡುಕಿದರೆ ಸ್ನೇಹ ಸಿಗುವುದಿಲ್ಲ, ಅದು ಮೊದಲೇ ಇರಬೇಕು. ನಮ್ಮ ಐವತ್ತಡಿ ರಸ್ತೆಯಲ್ಲಿ ಗಣೇಶನನ್ನು ಕೂರಿಸುವಾಗ ಬೇರೆ ಧರ್ಮದ ನೆರೆಯವರ ಮನೆಗೂ ಹೋಗಿ ಕರೆಯಿರಿ. ಅವರು ಹಬ್ಬಕ್ಕೆ ಕರೆದರೆ ನೆಪ ಹೇಳದೆ ಹೋಗಿ ಬನ್ನಿ. ಬೇರೆ ಧರ್ಮದವರ ಬಗ್ಗೆ ಮೊಬೈಲಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಆ ಧರ್ಮದ ಗೆಳೆಯನೊಬ್ಬನಿಗೆ ಫೋನ್ ಮಾಡಿ, ನಿಜವೇನು ಅಂತ ಕೇಳಿ. ಅಂಥ ಗೆಳೆಯ ಇನ್ನೂ ಇಲ್ಲವಾದರೆ, ಈ ವಾರವೇ ಒಬ್ಬನನ್ನು ಮಾಡಿಕೊಳ್ಳಿ.